ಲ್ಯಾಕರ್ ರಾಯರು

ಮೈಸೂರಿನಲ್ಲಿ ಹಳೆಯ ಯೆಜ್ಡಿ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಓಡಿಸುವವರು, ಉಜ್ಜುವವರು. ಓಡಿಸುವವರ ಬಗ್ಗೆ ಬರೆಯುವುದು ಕಷ್ಟ, ಅವರು ಮನೆಯಲ್ಲಿ ಸಿಗುವುದಿಲ್ಲ. ಉಜ್ಜುವವರು ಸಿಗುತ್ತಾರೆ. ಭಾನುವಾರ ಬೆಳಗ್ಗೆ ಯಾವ ಬಡಾವಣೆಗೆ ಹೋದರೂ ಸರಿ, ಯಾವುದೋ ಒಂದು ಕಾಂಪೌಂಡಿನೊಳಗೆ ಮಣೆ ಹಾಕಿಕೊಂಡು, ಲುಂಗಿ ಮೊಣಕಾಲಿನ ಮೇಲಕ್ಕೆ ಕಟ್ಟಿ, ಹರಿದ ಬನಿಯನ್ನಿನ ತುಂಡನ್ನು ತೋರುಬೆರಳಿಗೆ ಸುತ್ತಿಕೊಂಡು, ಇಂಜಿನ್ನಿನ ಮುಖಕ್ಕೆ ಮುಖ ಕೊಟ್ಟು ಕುಳಿತ ಒಬ್ಬ ಮಹನೀಯರು ಇದ್ದೇ ಇರುತ್ತಾರೆ. ವಯಸ್ಸು ಐವತ್ತೈದು ದಾಟಿರುತ್ತದೆ. ಕನ್ನಡಕ ಹಣೆಯ ಮೇಲಿರುತ್ತದೆ. ಹಿಂದೆ ನಿಂತು ಕೆಮ್ಮಿದರೆ ತಿರುಗುವುದಿಲ್ಲ. “ಒರಿಜಿನಲ್ಲಾ ಸಾರ್?” ಎಂದರೆ ತಿರುಗುತ್ತಾರೆ. ತಿರುಗಿದರೋ, ಆವತ್ತು ನಿಮ್ಮ ಬೆಳಗಿನ ತಿಂಡಿಯನ್ನು ಮಧ್ಯಾಹ್ನದ ಊಟದ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ನಮ್ಮ ಬೀದಿಯಲ್ಲಿರುವ ಇಂಥವರಿಗೆ ಹುಡುಗರು ಇಟ್ಟ ಹೆಸರು ಲ್ಯಾಕರ್ ರಾಯರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಇನ್ನೊಬ್ಬರ ಸಹಿಯನ್ನು ನಂಬದೆ ಮೂವತ್ತು ಚಿಲ್ಲರೆ ವರ್ಷ ಸರ್ವಿಸ್ ಮುಗಿಸಿದ್ದಾರೆ. ಈಗ ಇನ್ನೊಬ್ಬರ ಪಾಲಿಶ್ ನಂಬುವುದಿಲ್ಲ. ಅವರ ಗಾಡಿ ಯೆಜ್ಡಿ ರೋಡ್‌ಕಿಂಗ್. 250 ಸಿ.ಸಿ., ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಲಿವರು. ಹೊಸದಾಗಿ ನೋಡುವವರಿಗೆ ಇದು ತಮಾಷೆ ಅನ್ನಿಸುತ್ತದೆ, ರಾಯರ ಮುಂದೆ ಹಾಗೆ ಅನ್ನಬಾರದು. 1960ರಲ್ಲಿ ಇರಾನಿ ಕುಟುಂಬದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದ್ದು, ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾಗಿದ್ದು, 1996ರಲ್ಲಿ ಅದು ಬಾಗಿಲು ಹಾಕಿದ್ದು, ಇಷ್ಟನ್ನೂ ಅವರು ಸ್ವಂತ ಮನೆತನದ ಏಳುಬೀಳು ಹೇಳುವ ದನಿಯಲ್ಲೇ ಹೇಳುತ್ತಾರೆ. 1996 ಬಂದಾಗ ಒಂದು ಕ್ಷಣ ಬಟ್ಟೆ ನಿಲ್ಲುತ್ತದೆ. ಮತ್ತೆ ಉಜ್ಜಾಟ.

ಉಜ್ಜುವುದು ಏನನ್ನು ಎಂದು ಹೇಳಬೇಕಲ್ಲ. ಟ್ಯಾಂಕಿನ ಬಣ್ಣವನ್ನಲ್ಲ, ಸೈಲೆನ್ಸರಿನ ಕ್ರೋಮನ್ನೂ ಅಲ್ಲ. ರಾಯರ ಪ್ರಾಣ ಇರುವುದು ಅಲ್ಯೂಮಿನಿಯಂನಲ್ಲಿ. ಇಂಜಿನ್ನಿನ ಎಡ ಬಲದ ಎರಡು ಕವರು, ಚಕ್ರದ ಹಬ್ಬು, ಬ್ರೇಕ್ ಪ್ಲೇಟು. ಇವನ್ನು ಕನ್ನಡಿಯಾಗುವವರೆಗೆ ಬಫ್ ಮಾಡಿಸಿ, ಮೇಲೆ ಬಣ್ಣವಿಲ್ಲದ ಲ್ಯಾಕರ್ ಹೊಡೆದರೆ ಗಾಳಿ ತಾಗುವುದಿಲ್ಲ, ಮಸುಕಾಗುವುದಿಲ್ಲ, ಮತ್ತೆ ಮುಟ್ಟಬೇಕಾಗಿಲ್ಲ ಎನ್ನುವುದು ಶಾಸ್ತ್ರ. ಪೇಂಟಿನವರು ಇದಕ್ಕೆ ‘ಕ್ಲಿಯರ್’ ಅನ್ನುತ್ತಾರೆ. ಆದರೆ ಕ್ಲಿಯರ್ ಹೆಚ್ಚು ಕಾಲ ಕ್ಲಿಯರಾಗಿ ಉಳಿಯುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಲ್ಯಾಕರಿನ ರಾಳ ಒಡೆಯುತ್ತದೆ, ಮೊದಲು ತುಪ್ಪದ ಬಣ್ಣ, ಆಮೇಲೆ ಚಹಾದ ಬಣ್ಣ. ಎಲ್ಲೋ ಒಂದು ಕಲ್ಲು ಸಿಡಿದು ಸೂಜಿಮೊನೆಯಷ್ಟು ಗಾಯವಾಗಿದ್ದರೆ ಅಲ್ಲಿಂದ ನೀರು ನುಸುಳಿ, ಲ್ಯಾಕರಿನ ಅಡಿಯಲ್ಲೇ ಬಿಳಿ ಹುಳು ಹರಿದಾಡಿದ ಗುರುತು ಮೂಡುತ್ತದೆ. ಕೊನೆಗೆ ಸಂಡಿಗೆ ಒಣಗಿ ಬಟ್ಟೆಯಿಂದ ಏಳುವ ಹಾಗೆ ಅಂಚಿನಿಂದ ಎದ್ದು ಬರುತ್ತದೆ. ಮೇಲಿನಿಂದ ಎಷ್ಟು ಪಾಲಿಶ್ ಮಾಡಿದರೂ ಪ್ರಯೋಜನವಿಲ್ಲ, ಕೊಳೆ ಇರುವುದು ಗಾಜಿನ ಒಳಮಗ್ಗುಲಲ್ಲಿ. ಪೂರ್ತಿ ತೆಗೆಯಬೇಕು, ಮತ್ತೆ ಮೊದಲಿನಿಂದ.

ಈ “ಮತ್ತೆ ಮೊದಲಿನಿಂದ” ಎನ್ನುವ ಮಾತು ಹೇಳುವಾಗ ರಾಯರ ಮುಖವನ್ನು ನೋಡಬೇಕು. ದುಃಖದ ಮಾತು, ನಿಜ. ಮುಖದಲ್ಲಿ ಮಾತ್ರ ಮಗಳ ಮದುವೆ ಗೊತ್ತಾದ ಕಳೆ.

ಇಂಥವರನ್ನು ಗಾಡಿಯಿಲ್ಲದ ಜಾಗದಲ್ಲೂ ಗುರುತು ಹಿಡಿಯಬಹುದು. ಮದುವೆಮನೆಯಲ್ಲಿ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವರು ಧಾರೆಯ ಚೊಂಬನ್ನು ನೋಡುತ್ತಿರುತ್ತಾರೆ. ಅರಮನೆಗೆ ನೆಂಟರನ್ನು ಕರೆದುಕೊಂಡು ಹೋದರೆ ಹಿತ್ತಾಳೆಯ ಕೆಲಸದ ಎದುರು ನಿಂತುಬಿಡುತ್ತಾರೆ. ಚಾಮುಂಡಿ ಬೆಟ್ಟದಲ್ಲಿ ಒಮ್ಮೆ ಬಾಗಿಲಿನ ಬೆಳ್ಳಿ ತಗಡಿಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಹಿಂದಿದ್ದ ಹೆಂಗಸರು ಭಕ್ತಿಯೆಂದು ತಿಳಿದು ದಾರಿ ಬಿಟ್ಟರು. ರಾಯರು ಈಚೆ ಬಂದು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟೇ: “ಕೈಯಲ್ಲೇ ಉಜ್ಜಿದ್ದಾರೆ. ಮಷಿನ್ ಹಾಕಿಲ್ಲ. ಗೀರು ಒಂದೇ ದಿಕ್ಕಿಗಿದೆ.”

ಹೋದ ವರ್ಷ ಅವರ ಗಾಡಿಯ ಬಲಗಡೆ ಕವರು ಹಳದಿಗೆ ತಿರುಗಿತು. ಎಡಗಡೆಯದಕ್ಕೆ ಏನೂ ಆಗಿರಲಿಲ್ಲ. ಒಂದೇ ಡಬ್ಬಿಯ ಲ್ಯಾಕರು, ಒಂದೇ ದಿನ ಹೊಡೆದದ್ದು. ಅದೂ ಅಲ್ಲದೆ ಈ ಗಾಡಿ ಬಿಸಿಲು ಕಂಡದ್ದೇ ಇಲ್ಲ. ಮೇಲೆ ಹಳೇ ಬೆಡ್‌ಶೀಟು, ಅದರ ಮೇಲೆ ಟಾರ್ಪಾಲು, ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ. ಹೀಗಿದ್ದೂ ಬಲಗಡೆ ಮಾತ್ರ ಯಾಕೆ? ಬೀದಿಯಲ್ಲಿ ಚರ್ಚೆಯಾಯಿತು. ಡೈನಮೋ ಇರುವುದು ಬಲಗಡೆ, ಅದರ ಶಾಖಕ್ಕೆ ಎಂದರು ರಾಯರು. ಓಡಿಸದ ಗಾಡಿಯ ಡೈನಮೋಗೆ ಶಾಖ ಎಲ್ಲಿಂದ ಬರಬೇಕು ಎಂದು ಎದುರುಮನೆಯ ಮೇಷ್ಟ್ರು ಕೇಳಿದರು. ಮೇಷ್ಟ್ರಿಗೂ ರಾಯರಿಗೂ ಒಂದು ತಿಂಗಳು ಮಾತಿರಲಿಲ್ಲ.

ಕೆಲಸ ಶುರುವಾಯಿತು. ಬಲಗಡೆ ಕವರು ಬಿಚ್ಚುವುದು ಸುಲಭ, ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಎಡಗಡೆಯದನ್ನು ಬಿಚ್ಚಿದರೆ ಆಯಿಲ್ ಸುರಿಯುತ್ತದೆ, ಮತ್ತೆ ಕೂರಿಸುವಾಗ ಹೊಸ ಪ್ಯಾಕಿಂಗ್ ಬೇಕು, ಕ್ಲಚ್ಚನ್ನೂ ಒಮ್ಮೆ ನೋಡಬೇಕಾಗುತ್ತದೆ. ಚೆನ್ನಾಗಿರುವ ಎಡಗಡೆಯನ್ನು ಬಿಟ್ಟುಬಿಡಬಹುದಿತ್ತು. “ಹಾಗೆ ಮಾಡಿದರೆ ಎರಡು ಕಡೆ ಎರಡು ಹೊಳಪಾಗುತ್ತದಲ್ಲ” ಎಂದರು. ಮೋಟಾರ್ ಸೈಕಲ್ಲಿನ ಎಡವನ್ನೂ ಬಲವನ್ನೂ ಒಟ್ಟಿಗೆ ನೋಡಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ಹೇಳಬೇಕೆನ್ನಿಸಿತು. ಮೇಷ್ಟ್ರ ಗತಿ ನೆನಪಾಗಿ ಸುಮ್ಮನಾದೆ.

ಹಳೆಯ ಲ್ಯಾಕರ್ ತೆಗೆಯುವುದಕ್ಕೆ ಪೇಂಟ್ ರಿಮೂವರ್. ಅದು ಗಂಜಿಯಷ್ಟು ಮಂದ, ವಾಸನೆಗೆ ಬೀದಿನಾಯಿ ಎದ್ದು ಆಚೆ ಬೀದಿಗೆ ಹೋಗುತ್ತದೆ. ನೆರಳಲ್ಲೇ ಹಚ್ಚಬೇಕು, ಬಿಸಿಲಿದ್ದರೆ ಕೆಲಸಕ್ಕೆ ಮುಂಚೆಯೇ ಒಣಗುತ್ತದೆ. ರಾಯರು ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು, ಬ್ರಶ್ಶನ್ನು ಒಂದೇ ಕಡೆಗೆ ಎಳೆದು ಹಚ್ಚಿ, ಮೇಲೆ ಪಾಲಿಥಿನ್ ಹೊದಿಸಿ ಗಡಿಯಾರ ನೋಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಪಾಲಿಥಿನ್ ಅಡಿಯಲ್ಲಿ ಲ್ಯಾಕರ್ ಉಸಿರು ತೆಗೆದುಕೊಂಡು ಉಬ್ಬಿತು, ಸುಕ್ಕಾಯಿತು, ಗುಳ್ಳೆ ಎದ್ದಿತು. ಅದನ್ನು ಕೆರೆಯಲು ಕಬ್ಬಿಣದ ಪಟ್ಟಿ ಕೂಡದು, ಅಲ್ಯೂಮಿನಿಯಂ ಮೆತ್ತಗಿನ ಲೋಹ. ರಾಯರು ಜೇಬಿನಿಂದ ಅವಧಿ ಮುಗಿದ ಎಟಿಎಂ ಕಾರ್ಡು ತೆಗೆದರು. ನಿವೃತ್ತ ಬ್ಯಾಂಕಿನವರ ಮನೆಯಲ್ಲಿ ಇದಕ್ಕೆ ಬರವಿಲ್ಲ. ಸುರುಳಿ ಸುರುಳಿಯಾಗಿ ಹಳದಿ ಪೊರೆ ಎದ್ದು ಬಂತು. ಕಾರ್ಡಿನ ತುದಿಯಲ್ಲಿ ಅದನ್ನು ಬೆಳಕಿಗೆ ಹಿಡಿದು ರಾಯರು ನೋಡುತ್ತಿದ್ದ ಪರಿ ನೋಡಿದರೆ, ಪೊರೆ ಕಳಚಿದ್ದು ಅವರದ್ದೇ ಕಣ್ಣಿನಿಂದ ಅನ್ನಿಸುವಂತಿತ್ತು.

ಇದರ ನಡುವೆ ಅವರ ತಂಗಿಯ ಮಗ ಬಂದ. ಇಂಜಿನಿಯರಿಂಗ್ ಎರಡನೇ ವರ್ಷ. “ಮಾವ, ಇಷ್ಟೆಲ್ಲ ಯಾಕೆ? ಸಿಂಕ್ ಕಟ್ಟಿಕೊಂಡಾಗ ಹಾಕ್ತಾರಲ್ಲ ಆ ಪುಡಿ, ಅದನ್ನ ಬಿಸಿನೀರಲ್ಲಿ ಕಲಸಿ ಮುಳುಗಿಸಿಬಿಡಿ. ಐದು ನಿಮಿಷ” ಎಂದ. ರಾಯರು ಉತ್ತರ ಕೊಡುವ ಮೊದಲೇ ಮುರಿದ ಬ್ರೇಕ್ ಲಿವರೊಂದನ್ನು ಬಕೆಟ್ಟಿಗೆ ಹಾಕಿ ಪ್ರಯೋಗವನ್ನೂ ಮಾಡಿ ತೋರಿಸಿದ. ನೊರೆ ಬುಸುಗುಟ್ಟಿ ಮೇಲೆ ಬಂತು. ಆ ಪುಡಿಯಲ್ಲಿರುವುದು ಕಾಸ್ಟಿಕ್ ಸೋಡಾ, ಅದಕ್ಕೆ ಲ್ಯಾಕರೂ ಒಂದೇ ಅಲ್ಯೂಮಿನಿಯಮ್ಮೂ ಒಂದೇ, ಎರಡನ್ನೂ ತಿನ್ನುತ್ತದೆ, ತಿನ್ನುವಾಗ ಜಲಜನಕ ಬಿಡುತ್ತದೆ. ಲಿವರು ಈಚೆ ಬಂದಾಗ ಬೂದುಗಪ್ಪು. ಗಲಾಟೆ ಕೇಳಿ ರಾಯರ ಮನೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಬಕೆಟ್ಟಿನೊಳಗೆ ಒಮ್ಮೆ ನೋಡಿದರು.

“ಹಿಂಡಾಲಿಯಂ ಪಾತ್ರೆಗೆ ಸೋಡಾ ತಾಗಿಸಬಾರದು ಅಂತ ನಾನು ಈ ಮನೆಗೆ ಬಂದ ವಾರದಲ್ಲೇ ನಮ್ಮತ್ತೆ ಹೇಳಿಕೊಟ್ರು. ನಿಮ್ಮ ಕಾಲೇಜಲ್ಲಿ ಎರಡನೇ ವರ್ಷದಲ್ಲೂ ಹೇಳಿಕೊಟ್ಟಿಲ್ವೇನೋ?”

ಹುಡುಗ ತಲೆ ಕೆರೆದುಕೊಂಡ. ಅವರು ಗಂಡನ ಕಡೆ ತಿರುಗಿದರು.

“ಅಲ್ಲಾ ರೀ, ಕುಕ್ಕರಿನ ತಳಕ್ಕೆ ದಿನಾ ನಾನು ನಿಂಬೆಹಣ್ಣಿನ ಸಿಪ್ಪೆ ಯಾಕೆ ಹಾಕ್ತೀನಿ ಅಂತ ಒಂದು ಸಲನಾದ್ರೂ ಕೇಳಿದ್ದೀರಾ? ಹಾಕದಿದ್ರೆ ಒಳಗೆಲ್ಲ ಕಪ್ಪಾಗತ್ತೆ. ಇದಕ್ಕೂ ಅದೇ ಲೋಹ ತಾನೆ?”

ಇದು ಸತ್ಯ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಉದ್ದುದ್ದ ವಿವರಣೆ ಇದೆ. ಕ್ಷಾರಕ್ಕೆ ಅಲ್ಯೂಮಿನಿಯಂ ಕರಗುತ್ತದೆ, ಹದವಾದ ಹುಳಿಗೆ ಕಪ್ಪು ಬಿಡುತ್ತದೆ. ಆದರೆ ಕುಕ್ಕರಿನ ಜಾತಿಗೆ ತಮ್ಮ ಇಂಜಿನ್ನನ್ನು ಸೇರಿಸಿದ್ದು ರಾಯರಿಗೆ ಸಹಿಸಲಾಗಲಿಲ್ಲ. “ಇದು ಡೈ ಕಾಸ್ಟಿಂಗ್ ಕಣೇ” ಎಂದರು. “ಆಯ್ತು, ಅದು ಡೈ ಕಾಸ್ಟಿಂಗು, ಇದು ಸಾರು. ಇಳಿಸಿ ಬರ್ತೀನಿ” ಎಂದು ಅವರು ಒಳಗೆ ಹೋದರು.

ಆಮೇಲೆ ವಾಟರ್ ಪೇಪರು. 400, 600, 800, 1000, 1500, 2000. ಇದನ್ನು ರಾಯರು ಬೆಳಗ್ಗೆ ಕೇಶವ ನಾಮಗಳ ಜೊತೆಯಲ್ಲೇ ಹೇಳಿಕೊಳ್ಳುತ್ತಾರೆಂದು ಬೀದಿಯಲ್ಲಿ ಸುದ್ದಿ. ನಿಯಮ ಸರಳ: ಒಂದು ನಂಬರಿನ ಗೀರು ಅಡ್ಡವಿದ್ದರೆ ಮುಂದಿನದ್ದನ್ನು ಉದ್ದಕ್ಕೆ ಉಜ್ಜಬೇಕು, ಹಿಂದಿನ ಗೀರು ಪೂರ್ತಿ ಅಳಿಸಿಹೋದ ಮೇಲೆಯೇ ಮುಂದಿನ ಕಾಗದ. ನಂಬರು ಹಾರಿಸಿದರೆ 2000ಕ್ಕೆ ಬಂದ ಮೇಲೆ 400ರ ಗೀರು ಎದ್ದು ನಿಂತು ನಗುತ್ತದೆ. ಬಕೆಟ್ ನೀರಿಗೆ ಎರಡು ಹನಿ ಶಾಂಪೂ ಹಾಕಿ, ಕಾಗದ ನೆನೆಸಿ, ಬೆರಳಿನಡಿ ರಬ್ಬರ್ ತುಂಡಿಟ್ಟು ಉಜ್ಜುತ್ತಾರೆ. ಬೂದು ನೀರು ಮೊಣಕೈಯಿಂದ ಇಳಿದು ಲುಂಗಿ ಸೇರುತ್ತದೆ. ಸಂಜೆ ಬಲ್ಬಿನ ಕೆಳಗೆ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ಓಲಾಡಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನಮಗೆ ಏನೂ ಕಾಣುವುದಿಲ್ಲ. ಅವರಿಗೆ ಕಾಣುತ್ತದೆ. ಮರುದಿನ ಮತ್ತೆ 800.

ಬಫಿಂಗಿಗೆ ಮಂಡಿ ಮೊಹಲ್ಲದ ಕಡೆಯ ಒಂದು ಸಣ್ಣ ಅಂಗಡಿ. ಹಿತ್ತಾಳೆ ದೀಪ, ಸ್ಟೀಲ್ ರೇಲಿಂಗು, ಪಂಚಪಾತ್ರೆ, ಗಾಡಿ ಕವರು, ಅಲ್ಲಿಯ ಹುಡುಗನ ಚಕ್ರಕ್ಕೆ ಭೇದವಿಲ್ಲ. ಮೊದಲು ನಾರಿನ ಚಕ್ರ ಮತ್ತು ಕಂದು ಸೋಪು, ಆಮೇಲೆ ಬಟ್ಟೆಯ ಚಕ್ರ ಮತ್ತು ಬಿಳಿ ಸೋಪು. ಸೋಪು ಎಂದರೆ ಸ್ನಾನದ್ದಲ್ಲ, ಪಾಲಿಶ್ ಮಾಡುವ ಮೇಣದ ಗಟ್ಟಿ. ಸಾಮಾನ್ಯ ಗಿರಾಕಿ ಕೊಟ್ಟು ಹೋಗುತ್ತಾನೆ, ಸಂಜೆ ಬಂದು ತೆಗೆದುಕೊಳ್ಳುತ್ತಾನೆ. ರಾಯರು ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತರು. ಚಕ್ರಕ್ಕೆ ಒತ್ತಿ ಹಿಡಿದರೆ ಕವರಿನ ಚೂಪಾದ ಅಂಚು ದುಂಡಗಾಗುತ್ತದೆ, ಸ್ಕ್ರೂ ತೂತು ಮೊಟ್ಟೆಯಾಕಾರ ತಾಳುತ್ತದೆ ಎನ್ನುವ ಭಯ. ಭಯ ನ್ಯಾಯವಾದದ್ದೇ, ಅರ್ಧ ಊರಿನ ಇಂಜಿನ್ ಕವರುಗಳು ಹೀಗೆ ಸವೆದು ಸಾಬೂನಿನ ಬಿಲ್ಲೆಯ ರೂಪಕ್ಕೆ ಬಂದಿವೆ. “ಅಂಚು ನೋಡಪ್ಪಾ, ಅಂಚು” ಎಂದು ಪ್ರತಿ ನಿಮಿಷಕ್ಕೊಮ್ಮೆ ಕೂಗುತ್ತಿದ್ದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಸಿಯಾಗಿದ್ದ ಆ ಹುಡುಗ ಕೊನೆಗೆ ಚಕ್ರ ನಿಲ್ಲಿಸಿ, “ಸಾರ್, ನೀವೇ ಹಿಡ್ಕೊಳಿ, ನಾನು ಸ್ಟೂಲ್ ಮೇಲೆ ಕೂತ್ಕೊತೀನಿ” ಎಂದ. ರಾಯರು ಒಪ್ಪಿಯೂಬಿಟ್ಟಿದ್ದರು. ಚಕ್ರ ಭಾಗವನ್ನು ಕೈಯಿಂದ ಕಿತ್ತು ಎಸೆದರೆ ಗೋಡೆಗೆ ಹೋಗಿ ಬೀಳುತ್ತದೆ ಎಂದು ಅವನು ಹೇಳಿದ ಮೇಲೆ ಮತ್ತೆ ಕೂತರು.

ಅಂಗಡಿಯಿಂದ ಹೊಳೆಯುತ್ತಾ ಬಂದ ಕವರಿಗೆ ಈಗ ಲ್ಯಾಕರ್ ಹೊಡೆಯಬೇಕೋ ಬೇಡವೋ? ಈ ಪ್ರಶ್ನೆಯ ಮೇಲೆ ಉಜ್ಜುವವರ ಪಂಗಡ ಮತ್ತೆ ಎರಡಾಗಿದೆ. ಲೋಹ ಬೇರೆ, ಅದರ ಮೇಲಿನ ಲ್ಯಾಕರ್ ಬೇರೆ, ಆದರೂ ಆಶ್ರಯ ಬೇಕು ಎನ್ನುವ ದ್ವೈತಿಗಳು ಒಂದು ಕಡೆ. ಮೇಲೆ ಏನನ್ನೂ ಹೊಡೆಯದೆ, ಹದಿನೈದು ದಿನಕ್ಕೊಮ್ಮೆ ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜುತ್ತಿರಬೇಕು, ಬರಿಯ ಲೋಹವೇ ಸತ್ಯ ಎನ್ನುವ ಅದ್ವೈತಿಗಳು ಇನ್ನೊಂದು ಕಡೆ. ಪೌಡರ್ ಕೋಟಿಂಗ್ ಮಾಡಿಸುವವರೂ ಇದ್ದಾರೆ, ಅವರ ಸುದ್ದಿಯನ್ನು ಈ ಎರಡೂ ಮಠಗಳವರು ಎತ್ತುವುದಿಲ್ಲ. ಎರಡು ಕಡೆಗೂ ತೊಡಕಿದೆ. ಲ್ಯಾಕರ್ ಹಿಡಿದು ನಿಲ್ಲಬೇಕಾದರೆ ಮೇಲ್ಮೈ ಸ್ವಲ್ಪ ತರಿತರಿಯಾಗಿರಬೇಕು, ತರಿಯಾದರೆ ಕನ್ನಡಿ ಹೋಗುತ್ತದೆ. ಕನ್ನಡಿಯಾದರೆ ಲ್ಯಾಕರಿಗೆ ಕಾಲೂರಲು ಜಾಗವಿಲ್ಲ, ಒಂದಲ್ಲ ಒಂದು ದಿನ ಎದ್ದೇ ಏಳುತ್ತದೆ. ಅಂದರೆ ಹೊಳಪು ಹೆಚ್ಚಾದಷ್ಟೂ ಲ್ಯಾಕರಿನ ಆಯುಸ್ಸು ಕಡಿಮೆ. ಹಾರ್ಡ್‌ನರ್ ಬೆರೆಸುವ ಟೂ-ಕೆ ಕ್ಲಿಯರ್ ಹೆಚ್ಚು ಬಾಳುತ್ತದೆ, ಪೆಟ್ರೋಲ್ ಚೆಲ್ಲಿದರೂ ಜಗ್ಗುವುದಿಲ್ಲ. ಆದರೆ ಅದರ ಹಾರ್ಡ್‌ನರ್ ಶ್ವಾಸಕೋಶಕ್ಕೆ ಕೆಟ್ಟದ್ದು, ಸರಿಯಾದ ಮಾಸ್ಕ್ ಇಲ್ಲದೆ ಕಾಂಪೌಂಡಿನಲ್ಲಿ ಹೊಡೆಯುವ ಪದಾರ್ಥವಲ್ಲ. ಬಾಳಿಕೆ ಬರುವ ಟೂ-ಕೆ ಎಂದರೆ ರಾಯರು ಎಂದೂ ಉತ್ಸಾಹ ತೋರಿಸಿದವರಲ್ಲ. ಆರೋಗ್ಯದ ಕಾರಣ ಕೊಡುತ್ತಾರೆ. ನನಗೆ ಬೇರೆ ಅನುಮಾನವಿದೆ.

ಈ ವಾದವಿವಾದದ ಮಧ್ಯೆ ಅಲ್ಯೂಮಿನಿಯಂ ಪಾಪ ತನ್ನ ಪಾಡಿಗೆ ತಾನು ಒಂದು ಕೆಲಸ ಮಾಡಿಕೊಂಡಿರುತ್ತದೆ. ಹೊಸದಾಗಿ ಉಜ್ಜಿದ ಕ್ಷಣವೇ ಗಾಳಿಯ ಆಮ್ಲಜನಕ ಹೀರಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರವನ್ನು ಹೊದ್ದುಕೊಳ್ಳುತ್ತದೆ. ಕಬ್ಬಿಣದ ತುಕ್ಕಿನಂತೆ ಉದುರುವುದಲ್ಲ, ಗಟ್ಟಿಯಾಗಿ ಅಂಟಿ ಒಳಗಿನದ್ದನ್ನು ಕಾಯುತ್ತದೆ. ಬಿಟ್ಟಿ ಲ್ಯಾಕರು. ಕಾಲಕ್ರಮೇಣ ಮಂಕಾಗಿ ಕಾಣುತ್ತದೆ ಅನ್ನುವುದೊಂದೇ ದೋಷ. ನಮ್ಮ ಬೀದಿಗೆ ಹಾಲು ತರುವ ಗೌಡರ ಯೆಜ್ಡಿ ಹೀಗೆಯೇ ಇದೆ. ಇಂಜಿನ್ ಕವರು ಆನೆಬಣ್ಣ, ಎರಡೂ ಕಡೆ ಕ್ಯಾನು. ಕ್ಯಾನು ಮಾತ್ರ ಥಳಥಳ, ಅದನ್ನು ಗೌಡತಿ ದಿನಾ ತಿಕ್ಕುತ್ತಾರೆ. ಗಾಡಿ ಅರ್ಧ ಕಿಕ್ಕಿಗೆ ಸ್ಟಾರ್ಟಾಗುತ್ತದೆ. ರಾಯರು ಅದನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಾರೆ. ಗೌಡರು ಒಮ್ಮೆ ಕೇಳಿಯೇಬಿಟ್ಟರು, “ಸ್ವಾಮೇರೇ, ನಿಮ್ದು ಓಡ್ಸಿ ಎಷ್ಟು ವರ್ಸ ಆಯ್ತು ಬುಡಿ?” ರಾಯರು ಕೇಳಿಸದವರಂತೆ ಹಾಲಿನ ಪಾತ್ರೆಯೊಳಗೆ ನೋಡಿದರು.

ಲ್ಯಾಕರ್ ಹೊಡೆಯುವ ದಿನ ಬಂತು. ಅಸಿಟೋನಿನಲ್ಲಿ ಎರಡೆರಡು ಸಲ ಒರೆಸಿ, ಎಲ್ಲ ಭಾಗಗಳನ್ನೂ ವೃತ್ತಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿ ಆಗಿತ್ತು. ಒರೆಸಿದ ಮೇಲೆ ಮುಟ್ಟುವಂತಿಲ್ಲ. ಬೆರಳಿನ ಬೆವರಿನ ಉಪ್ಪು, ಎಣ್ಣೆಯಂಶ ಲೋಹದ ಮೇಲೆ ಉಳಿದರೆ ಈಗ ಕಾಣುವುದಿಲ್ಲ, ಲ್ಯಾಕರಿನ ಅಡಿಯಲ್ಲಿ ಕೆಲವು ವಾರ ಕೂತು ಆಮೇಲೆ ಮೇಲೆದ್ದು ಬರುತ್ತದೆ. ಮನೆಯವರಿಗೆಲ್ಲ ಎಚ್ಚರಿಕೆ ಹೋಗಿತ್ತು. ಕೆಲಸದವಳು ಆವತ್ತು ಅಂಗಳ ಗುಡಿಸಿರಲಿಲ್ಲ. ಇಂಥ ಮಡಿಯಲ್ಲಿ ನಂಜನಗೂಡಿನಿಂದ ರಾಯರ ದೊಡ್ಡಪ್ಪ ಬಂದರು. ತೊಂಬತ್ತರ ಹತ್ತಿರ, ಮೊಮ್ಮಗಳ ಮದುವೆಗೆ ಕರೆಯಲು ಬಂದವರು. ಊಟಕ್ಕೆ ಒಬ್ಬಟ್ಟು ಮಾಡಿದ್ದರು. ಊಟ ಮುಗಿಸಿ, ಪಂಚೆಯ ತುದಿಯಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದ ದೊಡ್ಡಪ್ಪ, ಯಾರೂ ತಡೆಯುವ ಮೊದಲೇ ಬಗ್ಗಿ, ಎಡಗಡೆ ಕವರನ್ನು ಹೆಬ್ಬೆಟ್ಟಿನಿಂದ ಸವರಿ, “ಎಷ್ಟು ನುಣುಪಾಗಿದೆಯೋ ಇದು! ದೇವರ ಮನೆಗಾ?” ಎಂದರು.

ಹೆಬ್ಬೆಟ್ಟಿನಲ್ಲಿ ಒಬ್ಬಟ್ಟಿನ ತುಪ್ಪವಿತ್ತು.

ರಾಯರ ಕೈ ತಾನೇ ತಾನಾಗಿ ಅಸಿಟೋನ್ ಬಟ್ಟೆಗೆ ಹೋಯಿತು. ಒಂದು ಸಲ ಒರೆಸುವುದರೊಳಗೆ ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡರು. “ಯಾಕೋ, ನಾನು ಮುಟ್ಟಿದ್ದಕ್ಕೆ ಒರೆಸ್ತಿದ್ದೀಯಾ?” ಕೇಳಿದ ದನಿ ತಣ್ಣಗಿತ್ತು. ಆಸ್ತಿ ಪಾಲಾದ ವರ್ಷದಿಂದ ಈ ದೊಡ್ಡಪ್ಪ ಈಗ ಮೊದಲ ಸಲ ಮನೆಗೆ ಬಂದದ್ದು. “ಛೇ, ಛೇ, ಧೂಳು” ಎಂದು ರಾಯರು ಬಟ್ಟೆ ಕೆಳಗಿಟ್ಟರು. ಮುದುಕರು ಹೋದ ಮೇಲೆ ಒರೆಸೋಣವೆಂದರೆ ಅವರು ಕುರ್ಚಿ ತರಿಸಿಕೊಂಡು, “ಮಾಡು, ಮಾಡು, ನಾನೂ ನೋಡ್ತೀನಿ” ಎಂದು ಎದುರಿಗೇ ಕೂತರು. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ನಿಲ್ಲಿಸಿ ಆಗಿತ್ತು. ಮುಗಿಲಲ್ಲಿ ಮೋಡ ಕೂಡುತ್ತಿತ್ತು. ರಾಯರು ಹೊಡೆದರು. ಮೊದಲು ತೆಳ್ಳಗೆ, ಹತ್ತು ನಿಮಿಷ ಬಿಟ್ಟು ಇನ್ನೊಂದು, ಮತ್ತೊಂದು. ಎಡಗಡೆ ಕವರಿಗೆ ಬಂದಾಗ ಅವರ ಕೈ ನಡುಗಿದ್ದನ್ನು ನಾನು ನೋಡಿದೆ.

ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಜಗತ್ತಿನಲ್ಲಿ ಎಲ್ಲೆಲ್ಲಿ ಈ ಗಾಡಿಗಳಿವೆಯೋ ಅಲ್ಲೆಲ್ಲ ಆವತ್ತು ಗುಂಪು ಸೇರುತ್ತದೆ, ಬೆಂಗಳೂರು ಮೈಸೂರುಗಳಲ್ಲಂತೂ ಜಾತ್ರೆ. ತೊಂದರೆಯೆಂದರೆ ಜುಲೈ ಮಳೆಗಾಲ. ಗಾಳಿಯಲ್ಲಿ ತೇವವಿದ್ದಾಗ ಹಳೆಯ ಬಗೆಯ ಲ್ಯಾಕರ್ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಕ್ಲಿಯರಿನ ಮೇಲೆ ಹಾಲು ಚೆಲ್ಲಿದ ಬಿಳುಪು. ರಾಯರ ಬಲಗಡೆ ಕವರಿನ ಒಂದು ಮೂಲೆಗೆ ಹಾಗಾಯಿತು. ಅದಕ್ಕೆ ಒಣ ಹವೆಯ ದಿನ ಥಿನ್ನರ್ ಮಾತ್ರ ತೆಳ್ಳಗೆ ಹೊಡೆದು ಬಿಡಿಸಬಹುದು, ಒಣ ಹವೆಯ ದಿನವೇ ಬರಲಿಲ್ಲ. ಆ ವರ್ಷದ ಸೇರುವಿಕೆಗೆ ಇವರ ಗುಂಪಿನವರು ಬೆಂಗಳೂರಿಗೆ ಹೊರಟರು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ. ಉಳಿದವರು ಇದಕ್ಕೆ ಬೈದುಕೊಂಡು ಸರ್ವಿಸ್ ರಸ್ತೆ ಹಿಡಿದರು. ಸರ್ಕಾರದ ಈ ಆಜ್ಞೆಯನ್ನು ಮನಸಾರೆ ಸ್ವಾಗತಿಸಿದ ಏಕೈಕ ಮೋಟಾರ್ ಸೈಕಲ್ ಪ್ರೇಮಿ ನಮ್ಮ ರಾಯರು. ಸರಕಿನ ಆಟೋ ಬಾಡಿಗೆಗೆ ಹಿಡಿದು, ಎರಡು ಹಾಸಿಗೆ ಹಾಕಿ, ಗಾಡಿಯನ್ನು ಮಲಗಿಸದೆ ನಿಲ್ಲಿಸಿ, ನಾಲ್ಕು ಕಡೆ ಸೀರೆ ಕಟ್ಟಿ, ಪಕ್ಕದಲ್ಲಿ ತಾವೂ ಕೂತರು. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದಾಗ ಯಾರೋ “ಪೇಷೆಂಟ್ ಯಾರು ಸಾರ್?” ಎಂದು ಕೇಳಿದರಂತೆ.

ಬೆಂಗಳೂರಿನಲ್ಲಿ ಬಹುಮಾನ ಬಂತೋ ಇಲ್ಲವೋ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಶ್ರಾವಣದ ಹೊತ್ತಿಗೆ ಎಡಗಡೆ ಕವರಿನ ನಡುಮಧ್ಯೆ ದೊಡ್ಡಪ್ಪನ ಹೆಬ್ಬೆಟ್ಟು ನಿಧಾನವಾಗಿ ಎದ್ದುಬಂತು. ಸುರುಳಿ, ಗೆರೆ, ತುದಿಯ ಹಳೇ ಗಾಯದ ಗುರುತು, ಎಲ್ಲ ಸ್ಪಷ್ಟ. ಬ್ಯಾಂಕಿನಲ್ಲಿ ಎಷ್ಟೋ ಸಾಲಪತ್ರಗಳ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ರಾಯರು ಇಷ್ಟು ಅಚ್ಚುಕಟ್ಟಾದ ಒತ್ತನ್ನು ಕಂಡಿರಲಿಲ್ಲ. ನೋಡಲು ಬಂದ ಮೇಷ್ಟ್ರು (ಮಾತು ಮತ್ತೆ ಶುರುವಾಗಿತ್ತು) “ಕೆಳಗೆ ಇಬ್ಬರು ಸಾಕ್ಷಿ ಸಹಿ ಹಾಕಿದರೆ ಗಾಡಿ ದೊಡ್ಡಪ್ಪನಿಗೆ ಸೇರುತ್ತದೆ” ಎಂದರು. ಮತ್ತೊಂದು ತಿಂಗಳು ಮಾತು ನಿಂತಿತು.

ಆದರೆ ರಾಯರು ಅಂದುಕೊಂಡಷ್ಟು ಬೇಸರ ಮಾಡಿಕೊಂಡಿರಲಿಲ್ಲ. ಹೊಸ ವಾಟರ್ ಪೇಪರಿನ ಕಟ್ಟು ಆಗಲೇ ಸಂತೆಪೇಟೆಯಿಂದ ಬಂದು ಕಿಟಕಿಯ ಮೇಲೆ ಕೂತಿತ್ತು. ಬಲಗಡೆಯೂ ಮತ್ತೆ ಹಳದಿಗೆ ತಿರುಗುವ ಲಕ್ಷಣ ಕಾಣುತ್ತಿದೆ, ಎರಡನ್ನೂ ಒಟ್ಟಿಗೆ ತೆಗೆಯಬಹುದು ಎಂದು ಕೈ ಉಜ್ಜಿಕೊಂಡರು. “ಡೈನಮೋ ಶಾಖ” ಎಂದು ಮತ್ತೆ ಹೇಳಿದರು.

ಮೊನ್ನೆ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಪತ್ರಿಕೆ ವಾಪಸ್ ಕೊಡಲು ಅವರ ಮನೆಗೆ ಹೋದೆ. ರಾಯರು ಊಟ ಮಾಡಿ ಮಲಗಿದ್ದರು, ಗೊರಕೆ ಗೇಟಿನವರೆಗೆ ಕೇಳುತ್ತಿತ್ತು. ಅವರ ಮನೆಯವರು ಕಾಂಪೌಂಡಿನಲ್ಲಿ ಗಾಡಿಯ ಪಕ್ಕ ನಿಂತು ಸೈಕಲ್ ಟ್ಯೂಬಿನ ಪಟ್ಟಿ ಬಿಚ್ಚುತ್ತಿದ್ದರು. ಟಾರ್ಪಾಲಿನ ಬಲಗಡೆ ಮಗ್ಗುಲನ್ನು ಮಡಿಸಿ ಸೀಟಿನ ಮೇಲೆ ಹಾಕಿದರು. ಕೆಳಗಿನ ಬೆಡ್‌ಶೀಟನ್ನೂ ಸರಿಸಿದರು. ಪಡುವಣ ಬಿಸಿಲು ನೇರ ಬಂದು ಡೈನಮೋ ಕವರಿನ ಮೇಲೆ ಬಿತ್ತು. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

“ಇದೇನು ಅಮ್ಮಾ?” ಎಂದೆ.

“ಗಾಳಿ ಆಡ್ಲಿ ಅಂತ.”

“ಬಿಸಿಲು ಬೀಳತ್ತಲ್ಲ. ಲ್ಯಾಕರಿಗೆ ಬಿಸಿಲಾಗಲ್ಲ.”

“ನನಗೆ ಗೊತ್ತಿಲ್ವಾ? ದಿನಾ ಮೂರೂವರೆ ಹೊತ್ತಿಗೆ ಮುಚ್ಚಿಬಿಡ್ತೀನಿ, ನಾಲ್ಕಕ್ಕೆ ಅವರು ಕಾಫಿಗೆ ಏಳ್ತಾರೆ.” ಸೆರಗಿನಿಂದ ಹಣೆ ಒರೆಸಿಕೊಂಡರು. “ರಿಟೈರಾದ ಹೊಸದರಲ್ಲಿ ಯಾರೋ ಪುಣ್ಯಾತ್ಮ ಹೊಡೆದುಕೊಟ್ಟ ಲ್ಯಾಕರು ಮೂರು ವರ್ಷ ಅಲ್ಲಾಡಲಿಲ್ಲ. ಆ ಮೂರು ವರ್ಷ ಇವರು ಎಲ್ಲಿದ್ರು ಗೊತ್ತಾ? ನನ್ನ ಅಡುಗೆಮನೇಲಿ. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಚೀಟಿ ಅಂಟಿಸಿ, ಸಾಸಿವೆ ಎಷ್ಟು ತಗೊಂಡೆ ಅಂತ ಬರೆಯೋಕೆ ಒಂದು ಪುಸ್ತಕ ಬೇರೆ ನೇತುಹಾಕಿದ್ರು. ತಿಂಗಳ ಕೊನೆಗೆ ಲೆಕ್ಕ ತಾಳೆ ಆಗಬೇಕಿತ್ತು.” ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. “ಸ್ವಲ್ಪ ಆ ಕಡೆ ಸರೀರಿ, ನಿಮ್ಮ ನೆರಳು ಬೀಳ್ತಿದೆ.”